ತದ್ರೂಪು ತಾಣ: ಜಾಲತಾಣದ ಬದಲಾವಣೆಗಳನ್ನು ಮೊದಲೇ ಪರೀಕ್ಷಿಸುವ ಬಗೆ

ಜನರು ದಿನವೂ ಬಳಸುವ ಜಾಲತಾಣವೊಂದರಲ್ಲಿ ಬದಲಾವಣೆ ಮಾಡಬೇಕಾಗಿ ಬಂದಾಗ ಅದನ್ನು ನೇರವಾಗಿ ಆ ತಾಣದ ಮೇಲೆಯೇ ಮಾಡದೆ, ತಾಣದ ಇಡೀ ನಕಲೊಂದನ್ನು ಸಾರ್ವಜನಿಕರಿಗೆ ತೆರೆದಿರದ ಬೇರೊಂದು ವಿಳಾಸದಲ್ಲಿ ನಿಲ್ಲಿಸಿ, ಬದಲಾವಣೆಯನ್ನು ಅಲ್ಲಿ ಮಾಡಿ ನೋಡಿ, ತೊಡಕಿಲ್ಲವೆಂದು ಖಚಿತವಾದ ಬಳಿಕವೇ ಮೂಲಕ್ಕೆ ಒಯ್ಯುವುದು ತಾಣ ನಿರ್ವಹಣೆಯಲ್ಲಿ ರೂಢಿಗೆ ಬಂದಿರುವ ಕ್ರಮ. ಈ ನಕಲಿಗೆ ಸ್ಟೇಜಿಂಗ್ ಪ್ರತಿ ಎಂದೂ ಜನರು ಬಳಸುವ ಮೂಲಕ್ಕೆ ಲೈವ್ ತಾಣ ಎಂದೂ ಹೆಸರು. ನಕಲು ಮಾಡುವ ಕೆಲಸ ಇಂದು ಕಷ್ಟದ್ದಲ್ಲ; ತಾಣಗಳನ್ನು ತಮ್ಮ ಸರ್ವರ್‌ಗಳಲ್ಲಿ ಇರಿಸಿಕೊಂಡು ಬಾಡಿಗೆ ಪಡೆಯುವ ಹೋಸ್ಟಿಂಗ್ ಕಂಪನಿಗಳಲ್ಲಿ ಹಲವು, ಒಂದು ಗುಂಡಿ ಒತ್ತಿದರೆ ನಕಲು ಸಿದ್ಧವಾಗುವ ಸೌಲಭ್ಯವನ್ನು ಕೊಡುತ್ತವೆ. ಕಷ್ಟವಿರುವುದು, ನಕಲು ಎಲ್ಲೆಲ್ಲಿ ಮೂಲವನ್ನು ಒಂದಿಷ್ಟೂ ಬಿಡದೆ ಹೋಲಬೇಕು, ಎಲ್ಲೆಲ್ಲಿ ಬೇಕೆಂದೇ ಹೋಲಬಾರದು ಎಂಬುದನ್ನು ಗೊತ್ತುಮಾಡಿಕೊಳ್ಳುವುದರಲ್ಲಿ. ಕನ್ನಡದ ತಾಣಗಳ ಮಟ್ಟಿಗೆ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು, ಏಕೆಂದರೆ ಲಿಪಿಯ ಕಾರಣಕ್ಕೇ ಹುಟ್ಟುವ ಕೆಲವು ತೊಡಕುಗಳಿಗೆ ಇಂಗ್ಲಿಷ್ ಪಠ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿಗಳಲ್ಲಿ ಉತ್ತರ ಸಿಗುವುದಿಲ್ಲ.

ವಿಷಯವನ್ನು ನೆಲದ ಮೇಲೆ ನಿಲ್ಲಿಸಿ ನೋಡಲು ತುಮಕೂರು ಜಿಲ್ಲೆಯ ಉತ್ತರ ಭಾಗ ಅನುಕೂಲವಾದುದು. ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗವಾದರೆ, ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕವಾದ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಮತ್ತು ಮಧುಗಿರಿ ಎರಡು ಬೇರೆ ಸಾಲುಗಳಾಗಿ ಕಾಣಿಸುವುದು ಇದರಿಂದಲೇ. ಉಪನಿರ್ದೇಶಕರ ಕಚೇರಿಯೂ ಶಿಕ್ಷಕರ ತರಬೇತಿಯ ಡಯಟ್ ಸಂಸ್ಥೆಯೂ ಮಧುಗಿರಿಯಲ್ಲಿವೆ, ತಾಲ್ಲೂಕಿಗೊಬ್ಬರಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಸುತ್ತೋಲೆ, ಮಾದರಿ ಪ್ರಶ್ನೆಪತ್ರಿಕೆ, ತರಬೇತಿಯ ವೇಳಾಪಟ್ಟಿ, ಶಿಕ್ಷಕರು ತುಂಬಿ ಕಳುಹಿಸುವ ನಮೂನೆ ಇವುಗಳೆಲ್ಲ ಒಂದೆಡೆ ಸಿಗುವಂತೆ ಈ ನಾಲ್ಕು ತಾಲ್ಲೂಕುಗಳಿಗೆ ಒಂದು ಕನ್ನಡ ತಾಣವಿದೆಯೆಂದೂ, ಅದು ಜಗತ್ತಿನ ಪ್ರತಿ ಹತ್ತು ತಾಣಗಳಲ್ಲಿ ಸುಮಾರು ನಾಲ್ಕನ್ನು ನಡೆಸುತ್ತಿರುವ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿದ್ದೆಂದೂ ಈ ಅಧ್ಯಾಯದ ಮಟ್ಟಿಗೆ ಭಾವಿಸಿಕೊಳ್ಳಬಹುದು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಹತ್ತನೆಯ ತರಗತಿಯ ಮಕ್ಕಳು ಮಾದರಿ ಪ್ರಶ್ನೆಪತ್ರಿಕೆಗಾಗಿ ಹುಡುಕುವ ಹೊತ್ತಿನಲ್ಲಿ, ಒಂದು ಪ್ಲಗಿನ್ ಅನ್ನು, ಅಂದರೆ ತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ತಂತ್ರಾಂಶವನ್ನು, ನವೀಕರಿಸಿದ ಒಡನೆ ಇಡೀ ತಾಣ ಬಿಳಿಯ ಪರದೆಯಾಗಿ ನಿಲ್ಲುವುದು ಅಪರೂಪದ ಸಂಗತಿಯೇನಲ್ಲ.

ನಕಲನ್ನು ನಿಲ್ಲಿಸಲು ಇರುವ ಜಾಗಗಳು ಸ್ಥೂಲವಾಗಿ ಎರಡು. ನಿರ್ವಾಹಕರ ಲ್ಯಾಪ್‌ಟಾಪಿನಲ್ಲೇ ಸರ್ವರ್ ತಂತ್ರಾಂಶಗಳನ್ನು ಹಾಕಿಕೊಂಡು ನಡೆಸುವುದು ಒಂದು. ಮೂಲ ಡೊಮೇನ್ ಹೆಸರಿನ ಮುಂದೆ ಒಂದು ಪದ ಸೇರಿಸಿ ಪಡೆಯುವ ಉಪಡೊಮೇನ್‌ನಲ್ಲಿ, ಲೈವ್ ತಾಣವಿರುವ ಬಗೆಯದೇ ಸರ್ವರ್‌ನ ಮೇಲೆ ನಡೆಸುವುದು ಇನ್ನೊಂದು. ಮೊದಲನೆಯದು ಅಗ್ಗ, ಅಂತರ್ಜಾಲವಿಲ್ಲದಿದ್ದರೂ ನಡೆಯುತ್ತದೆ, ಆದರೆ ಹೋಲಿಕೆಯ ವಿಷಯದಲ್ಲಿ ಅದನ್ನು ನಂಬಲಾಗದು. ವಿಂಡೋಸ್ ವ್ಯವಸ್ಥೆ ಕಡತದ ಹೆಸರಿನಲ್ಲಿ ಲ್ಯಾಟಿನ್ ಲಿಪಿಯ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಸಾಮಾನ್ಯವಾಗಿ ಒಂದೇ ಎಂದು ಎಣಿಸಿದರೆ, ಬಹುತೇಕ ಸರ್ವರ್‌ಗಳು ನಡೆಯುವ ಲಿನಕ್ಸ್ ಅವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಾಣಿಸಿದ ಚಿತ್ರ ಲೈವ್ ತಾಣದಲ್ಲಿ ಮಾಯವಾಗಬಹುದು. ವರ್ಡ್‌ಪ್ರೆಸ್ ಅನ್ನು ಬರೆದಿರುವ ಪಿಎಚ್‌ಪಿ ಭಾಷೆಯ ಆವೃತ್ತಿ, ಡೇಟಾಬೇಸ್ ತಂತ್ರಾಂಶದ ಆವೃತ್ತಿ, ಪ್ಲಗಿನ್‌ಗಳ ಆವೃತ್ತಿ ಇವು ಎರಡೂ ಕಡೆ ಒಂದೇ ಆಗಿರದಿದ್ದರೆ, ಪರೀಕ್ಷೆಯಲ್ಲಿ ಬಂದ ಫಲಿತಾಂಶ ಪರೀಕ್ಷಿಸಿದ ಯಂತ್ರಕ್ಕಷ್ಟೇ ಅನ್ವಯಿಸುತ್ತದೆ.

ವರ್ಡ್‌ಪ್ರೆಸ್ ತಾಣವೆಂದರೆ ಎರಡು ಭಾಗ: ಕಡತಗಳು ಮತ್ತು ಡೇಟಾಬೇಸ್. ತಂತ್ರಾಂಶ, ವಿನ್ಯಾಸವನ್ನು ನಿರ್ಧರಿಸುವ ಥೀಮ್, ಪ್ಲಗಿನ್‌ಗಳು, ಏರಿಸಿದ ಚಿತ್ರ ಮತ್ತು ಪಿಡಿಎಫ್‌ಗಳು ಕಡತಗಳ ಭಾಗಕ್ಕೆ ಸೇರಿದರೆ, ಪುಟಗಳ ಬರಹ, ಬಳಕೆದಾರರ ಪಟ್ಟಿ, ತಾಣದ ಆಯ್ಕೆಗಳು ಕೋಷ್ಟಕಗಳ ರೂಪದಲ್ಲಿ ಡೇಟಾಬೇಸಿನಲ್ಲಿರುತ್ತವೆ. ಡೇಟಾಬೇಸನ್ನು ಒಂದು ಪಠ್ಯ ಕಡತವಾಗಿ ಹೊರತೆಗೆದು ಮತ್ತೊಂದೆಡೆ ಒಳಗೆ ಹಾಕುವಾಗಲೇ ಕನ್ನಡಕ್ಕೆ ಮೊದಲ ಪೆಟ್ಟು ಬೀಳುವುದು. ಯೂನಿಕೋಡ್‌ನ ಪ್ರತಿಯೊಂದು ಕನ್ನಡ ಸಂಕೇತವೂ ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ 3 ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಒಳಗೆ ಹಾಕುವ ಹೊತ್ತಿಗೆ ಸಂಪರ್ಕದ ಲಿಪಿಸಂಕೇತ ಹಳೆಯ ಲ್ಯಾಟಿನ್-1 ಎಂದು ಉಳಿದುಬಿಟ್ಟಿದ್ದರೆ ಆ ಮೂರೂ ಬೈಟ್‌ಗಳು ಮೂರು ಬೇರೆ ಬೇರೆ ಯುರೋಪಿಯನ್ ಚಿಹ್ನೆಗಳಾಗಿ ಒಡೆದು, ಪುಟದ ತುಂಬ ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳು ಕಾಣಿಸುತ್ತವೆ. ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಿದರಂತೂ ಮೂಲ ಪಠ್ಯ ಆ ಪ್ರತಿಯಲ್ಲಿ ನಾಶವಾಗಿರುವ ಸಂಭವವೇ ಹೆಚ್ಚು. 2015ರಲ್ಲಿ ಬಂದ 4.2ನೆಯ ಆವೃತ್ತಿಯಿಂದ ವರ್ಡ್‌ಪ್ರೆಸ್ ಯುಟಿಎಫ್8ಎಂಬಿ4 ಎಂಬ ಪೂರ್ಣ ಕ್ರಮವನ್ನು ಬಳಸುತ್ತಿದೆ. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್ 8ರಲ್ಲಿ ತಾನಾಗಿ ನಿಗದಿಯಾಗುವ ಕೊಲೇಷನ್, ಅಂದರೆ ಅಕ್ಷರಗಳನ್ನು ಹೋಲಿಸಿ ಅಕಾರಾದಿಯಾಗಿ ಜೋಡಿಸುವ ನಿಯಮ, ಅದರ ಸೋದರ ತಂತ್ರಾಂಶವಾದ ಮರಿಯಾಡಿಬಿಯ ಬಹುತೇಕ ಆವೃತ್ತಿಗಳಿಗೆ ತಿಳಿಯದು. ಮೊದಲನೆಯದರಿಂದ ತೆಗೆದ ಕಡತವನ್ನು ಎರಡನೆಯದಕ್ಕೆ ಹಾಕಿದರೆ ಆಮದು ಅರ್ಧದಲ್ಲೇ ನಿಲ್ಲುತ್ತದೆ. ಇದು ಒಳ್ಳೆಯದೇ, ಏಕೆಂದರೆ ಸದ್ದಿಲ್ಲದೆ ಕೆಡುವುದಕ್ಕಿಂತ ಸದ್ದು ಮಾಡಿ ನಿಲ್ಲುವುದು ವಾಸಿ.

ಸದ್ದಿಲ್ಲದೆ ಕೆಡುವುದಕ್ಕೆ ಉತ್ತಮ ನಿದರ್ಶನ ಪುಟಗಳ ವಿಳಾಸದಲ್ಲಿದೆ. ‘ಮಧುಗಿರಿ’ ಎಂಬ ಹೆಸರು ಓದುವವರ ಕಣ್ಣಿಗೆ 4 ಅಕ್ಷರ. ವ್ಯಂಜನ ಮತ್ತು ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುವ ಯೂನಿಕೋಡಿಗೆ 7 ಸಂಕೇತ. ಡೇಟಾಬೇಸಿಗೆ 21 ಬೈಟ್. ಅದನ್ನೇ ಜಾಲವಿಳಾಸದಲ್ಲಿ ಬಳಸಿದಾಗ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ ಅಥವಾ ಅಕ್ಷರಗಳಾಗಿ ಹಿಗ್ಗುವುದರಿಂದ 63 ಚಿಹ್ನೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಪುಟದ ವಿಳಾಸವನ್ನು ಹೊಸೆಯುತ್ತದೆ, ಆದರೆ ಅದಕ್ಕೆ ಇಟ್ಟಿರುವ ಮಿತಿ 200 ಚಿಹ್ನೆ. ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂಬ ಮೂರು ಪದಗಳೇ ನಡುವಿನ ಗೆರೆಗಳೂ ಸೇರಿ 191 ಚಿಹ್ನೆಗಳನ್ನು ನುಂಗುತ್ತವೆ. ಮುಂದೆ ಒಂದು ಕನ್ನಡ ಸಂಕೇತಕ್ಕೂ ಎಡೆಯಿಲ್ಲ. ಹೀಗಾಗಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ ಶಿರಾ ತಾಲ್ಲೂಕು’, ‘ಮಧುಗಿರಿ ಶೈಕ್ಷಣಿಕ ಜಿಲ್ಲೆ ಪಾವಗಡ ತಾಲ್ಲೂಕು’ ಎಂದು ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಪುಟ ಮಾಡಿದರೆ ತಾಲ್ಲೂಕಿನ ಹೆಸರು ನಾಲ್ಕರಲ್ಲಿಯೂ ಕತ್ತರಿಸಿಹೋಗಿ, ಒಂದೇ ವಿಳಾಸದ ಕೊನೆಗೆ 2, 3, 4 ಎಂಬ ಅಂಕೆಗಳು ಸೇರಿಕೊಳ್ಳುತ್ತವೆ. ಯಾವ ತಾಲ್ಲೂಕಿಗೆ ಯಾವ ಅಂಕೆ ಎಂಬುದು ಪುಟಗಳನ್ನು ರಚಿಸಿದ ಅನುಕ್ರಮವನ್ನು ಅವಲಂಬಿಸಿರುವುದರಿಂದ, ಸ್ಟೇಜಿಂಗ್ ಪ್ರತಿಯಲ್ಲಿ ಮೊದಲು ಶಿರಾ ಪುಟವನ್ನೂ ಲೈವ್ ತಾಣದಲ್ಲಿ ಮೊದಲು ಪಾವಗಡದ ಪುಟವನ್ನೂ ಮಾಡಿದ್ದಾದರೆ, ಪರೀಕ್ಷೆಯಲ್ಲಿ ಸರಿಯಿದ್ದ ಕೊಂಡಿಗಳು ನಿಜವಾದ ತಾಣದಲ್ಲಿ ಒಂದು ತಾಲ್ಲೂಕಿನವರನ್ನು ಇನ್ನೊಂದು ತಾಲ್ಲೂಕಿನ ಪುಟಕ್ಕೆ ಕರೆದೊಯ್ಯುತ್ತವೆ. ಪುಟದ ವಿಳಾಸವನ್ನು ಚಿಕ್ಕದಾಗಿ, ಕೈಯಿಂದಲೇ ನಮೂದಿಸುವುದು ಇದಕ್ಕಿರುವ ಪರಿಹಾರ. ಆದರೆ ಪರಿಹಾರ ಬೇಕೆಂಬ ಅರಿವು ಬರುವುದು ಕನ್ನಡದ ನಿಜವಾದ ಶೀರ್ಷಿಕೆಗಳನ್ನೇ ಹಾಕಿ ಪರೀಕ್ಷಿಸಿದಾಗ ಮಾತ್ರ.

ಕಡತಗಳ ಹೆಸರಿನಲ್ಲೂ ಇಂಥದೇ ಒಂದು ಒಳಸುಳಿ ಇದೆ. ‘ಕೊರಟಗೆರೆ’ಯ ಮೊದಲ ಅಕ್ಷರದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳೆರಡನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು, ತೆರೆಯ ಮೇಲೆ ಎರಡೂ ಒಂದೇ ರೂಪ, ಬೈಟ್‌ಗಳ ಲೆಕ್ಕದಲ್ಲಿ ಒಂದು 24, ಇನ್ನೊಂದು 27. ಕೆಲವು ಫೈಲ್ ವ್ಯವಸ್ಥೆಗಳು ಹೆಸರನ್ನು ಒಡೆದ ರೂಪದಲ್ಲೇ ಉಳಿಸುತ್ತವೆ. ಹಾಗೆ ಉಳಿಸುವ ಯಂತ್ರದ ಮೂಲಕ ನಕಲು ಹಾದುಬಂದರೆ ಕೊರಟಗೆರೆಯ ಹೆಸರಿನ ಪಿಡಿಎಫ್ ಕಣ್ಣೆದುರಿಗೇ ಇದ್ದರೂ, ಡೇಟಾಬೇಸಿನಲ್ಲಿರುವ ಕೊಂಡಿಯನ್ನು ಒತ್ತಿದವರಿಗೆ ಪುಟ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಈ ಒಕಾರವಿಲ್ಲದ ಮಧುಗಿರಿ, ಶಿರಾ, ಪಾವಗಡಗಳ ಕಡತಗಳಿಗೆ ಏನೂ ಆಗಿರುವುದಿಲ್ಲವಾದ್ದರಿಂದ ದೋಷದ ಮೂಲ ಹುಡುಕುವವರಿಗೆ ತಲೆಬಿಸಿ ಹೆಚ್ಚು. ಏರಿಸುವ ಕಡತಗಳಿಗೆ ಲ್ಯಾಟಿನ್ ಲಿಪಿಯ ಹೆಸರಿಡುವುದು ಸದ್ಯಕ್ಕೆ ಕ್ಷೇಮ. ಕನ್ನಡಾಭಿಮಾನ ಶೀರ್ಷಿಕೆಯಲ್ಲಿ ಮೆರೆಯಲಿ.

ನಕಲು ಹೊಸ ಜಾಗಕ್ಕೆ ಬಂದ ಮೇಲೆ ಅದರೊಳಗೆ ಎಲ್ಲೆಲ್ಲೂ ಹುದುಗಿರುವ ಲೈವ್ ತಾಣದ ವಿಳಾಸವನ್ನು ಸ್ಟೇಜಿಂಗ್ ವಿಳಾಸಕ್ಕೆ ಬದಲಿಸಬೇಕು, ಇಲ್ಲವಾದರೆ ಪರೀಕ್ಷಿಸುತ್ತಿರುವವರು ಒಂದು ಕೊಂಡಿ ಒತ್ತಿ ತಮಗೇ ತಿಳಿಯದಂತೆ ಲೈವ್ ತಾಣಕ್ಕೆ ದಾಟಿ ಅಲ್ಲಿನ ಬರಹವನ್ನು ತಿದ್ದಿಬಿಡುವ ಅಪಾಯವುಂಟು. ಡೇಟಾಬೇಸಿನ ಪಠ್ಯ ಕಡತವನ್ನು ತೆರೆದು ಹುಡುಕಿ ಬದಲಿಸುವುದು ಸುಲಭದ ದಾರಿಯಾಗಿ ಕಂಡರೂ ಅದು ತಪ್ಪು ದಾರಿ. ಥೀಮ್ ಮತ್ತು ಪ್ಲಗಿನ್‌ಗಳ ಆಯ್ಕೆಗಳನ್ನು ವರ್ಡ್‌ಪ್ರೆಸ್ ಸೀರಿಯಲೈಸ್ಡ್ ಎನ್ನುವ ರೂಪದಲ್ಲಿ, ಪ್ರತಿ ಪದಗುಚ್ಛದ ಹಿಂದೆ ಅದು ಎಷ್ಟು ಬೈಟ್ ಉದ್ದವಿದೆಯೆಂಬ ಅಂಕಿಯನ್ನು ಬರೆದು, ಉಳಿಸಿರುತ್ತದೆ. ವಿಳಾಸದ ಮುಂದೆ ಲ್ಯಾಟಿನ್ ಲಿಪಿಯಲ್ಲಿ ಏಳು ಅಕ್ಷರದ ‘ಸ್ಟೇಜಿಂಗ್’ ಮತ್ತು ಒಂದು ಚುಕ್ಕೆ ಸೇರಿದರೆ ಉದ್ದ ಎಂಟು ಬೈಟ್ ಬೆಳೆಯುತ್ತದೆ, ಆದರೆ ಹಿಂದಿನ ಅಂಕಿ ಹಳೆಯದೇ ಉಳಿಯುತ್ತದೆ. ಲೆಕ್ಕ ತಾಳೆಯಾಗದ ಆ ಇಡೀ ಆಯ್ಕೆಯನ್ನು ಪಿಎಚ್‌ಪಿ ಓದಲಾರದೆ ಕೈಬಿಡುವುದರಿಂದ ಪಕ್ಕದ ಪಟ್ಟಿಗಳೂ ಅಡಿಬರಹವೂ ಕಾಣೆಯಾಗುತ್ತವೆ. ಡಬ್ಲ್ಯುಪಿ-ಸಿಎಲ್‌ಐ ಎಂಬ ಆಜ್ಞಾಸಾಧನದ ಹುಡುಕಿ-ಬದಲಿಸುವ ಆಜ್ಞೆ ಈ ಅಂಕಿಯನ್ನೂ ಹೊಸದಾಗಿ ಎಣಿಸಿ ಬರೆಯುತ್ತದೆ, ಮತ್ತು ನಿಜವಾಗಿ ಬದಲಿಸುವ ಮುನ್ನ ಎಷ್ಟು ಕಡೆ ಬದಲಾಗಲಿದೆಯೆಂದು ತೋರಿಸುವ ಏರ್ಪಾಡೂ ಅದರಲ್ಲಿದೆ.

ಇಲ್ಲಿಯವರೆಗಿನದು ಹೋಲಿಕೆಯ ಮಾತಾದರೆ ಇನ್ನು ಮುಂದಿನದು ಕಡಿದುಹಾಕಬೇಕಾದ ಸಂಬಂಧಗಳದು. ತದ್ರೂಪು ಪ್ರತಿಗೆ ತಾನು ನಕಲೆಂಬುದು ತಿಳಿಯದು. ಶಿಕ್ಷಕರಿಗೆ ತರಬೇತಿಯ ನೆನಪೋಲೆ ಕಳುಹಿಸುವ ನಿಗದಿತ ಕಾರ್ಯವೊಂದು ಲೈವ್ ತಾಣದಲ್ಲಿದ್ದರೆ ಅದು ನಕಲಿನಲ್ಲೂ ಅದೇ ಹೊತ್ತಿಗೆ ಎಚ್ಚರಗೊಂಡು ಅದೇ ಮಂದಿಗೆ ಮತ್ತೊಮ್ಮೆ ಕಳುಹಿಸುತ್ತದೆ. ಪರೀಕ್ಷೆಗೆಂದು ತುಂಬಿದ ಹುಸಿ ನಮೂನೆಯ ಸ್ವೀಕೃತಿ ನಿಜವಾದ ಕಚೇರಿಗೆ ಹೋಗಿ ಬೀಳುತ್ತದೆ. ಆದ್ದರಿಂದ ನಕಲು ತಲೆಯೆತ್ತುವ ಮೊದಲೇ ನಿಗದಿತ ಕಾರ್ಯಗಳನ್ನು ನಿಲ್ಲಿಸಿ, ಹೊರಹೋಗುವ ಮಿಂಚಂಚೆಯನ್ನೆಲ್ಲ ಹಿಡಿದಿಟ್ಟು ಪರೀಕ್ಷಕರಿಗಷ್ಟೇ ತೋರಿಸುವ ಮೇಲ್‌ಪಿಟ್‌ನಂಥ ತಂತ್ರಾಂಶಕ್ಕೆ ಹರಿಯಬಿಡಬೇಕು, ಎಸ್‌ಎಂಎಸ್ ಮತ್ತು ಹಣಪಾವತಿಯ ಕೀಲಿಗಳನ್ನು ತೆಗೆದು ಆಯಾ ಸೇವೆಗಳು ಕೊಡುವ ಪರೀಕ್ಷಾ ಕೀಲಿಗಳನ್ನು ಹಾಕಬೇಕು. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದೀಚೆಗೆ ಒಂದು ತಾಣ ಸ್ಟೇಜಿಂಗ್ ಪ್ರತಿಯೆಂದು ಸಂರಚನಾ ಕಡತದಲ್ಲೇ ಘೋಷಿಸಲು ಅವಕಾಶವಿದೆಯಾದರೂ, ಆ ಘೋಷಣೆಯನ್ನು ಓದಿ ಸುಮ್ಮನಿರುವ ಸೌಜನ್ಯ ಎಲ್ಲ ಪ್ಲಗಿನ್‌ಗಳಿಗೂ ಇರುವುದಿಲ್ಲ.

ಹೊರಗಿನವರು ಒಳಬಾರದಂತೆ ತಡೆಯುವುದು ಈ ಸಂಬಂಧ ಕಡಿಯುವ ಕೆಲಸದ ಇನ್ನೊಂದು ಮುಖ. ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್‌ಗಳು ತಾಣವನ್ನು ದಾಖಲಿಸದಂತೆ ಕೋರುವ ಒಂದು ಚೌಕವಿದ್ದು ಬಹಳ ಮಂದಿ ಅದಕ್ಕೆ ಗುರುತು ಹಾಕಿ ನಿಶ್ಚಿಂತರಾಗುತ್ತಾರೆ. ಅದು ಕೋರಿಕೆಯೇ ಹೊರತು ತಡೆಯಲ್ಲ. ಜೊತೆಗೆ ಆ ಗುರುತು ಡೇಟಾಬೇಸಿನಲ್ಲಿರುವುದರಿಂದ, ಮುಂದೊಂದು ದಿನ ಡೇಟಾಬೇಸ್ ಲೈವ್ ತಾಣಕ್ಕೆ ಹೋದರೆ ಅದೂ ಹಿಂಬಾಲಿಸಿ ಹೋಗಿ, ನಿಜವಾದ ತಾಣವೇ ಗೂಗಲ್‌ನ ಫಲಿತಾಂಶಗಳಿಂದ ಮೆಲ್ಲಗೆ ಮರೆಯಾಗುತ್ತದೆ. ವಿಳಾಸ ಯಾರಿಗೂ ತಿಳಿಯದೆಂಬ ನಂಬಿಕೆಯೂ ಸಲ್ಲದು: ಸುರಕ್ಷಿತ ಸಂಪರ್ಕಕ್ಕಾಗಿ ಉಪಡೊಮೇನ್‌ಗೆ ಪಡೆಯುವ ಪ್ರಮಾಣಪತ್ರಗಳು ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆಪುಸ್ತಕಗಳಲ್ಲಿ ನಮೂದಾಗುತ್ತವೆ. ತಾಣ ತೆರೆಯುವ ಮೊದಲೇ ಸರ್ವರ್ ಕೇಳುವ ಪಾಸ್‌ವರ್ಡ್ ಇಲ್ಲಿ ನಂಬಬಹುದಾದ ಬೀಗ.

ಬೀಗವಿದ್ದರೂ ಒಳಗೆ ನಿಜವಾದ ಮಕ್ಕಳ, ಶಿಕ್ಷಕರ ವಿವರಗಳಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ; ಶಾಲೆಗೆ ಸಂಬಂಧಿಸಿದ ತಾಣದಲ್ಲಿರುವ ವಿದ್ಯಾರ್ಥಿಗಳ ಬಹುಪಾಲು ಹೆಸರುಗಳು ಆ ವ್ಯಾಪ್ತಿಗೆ ಬರುತ್ತವೆ. ಹೆಸರು, ಫೋನ್ ಸಂಖ್ಯೆ, ವಿದ್ಯಾರ್ಥಿಗಳನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆಗಳನ್ನು ನಕಲಿನಲ್ಲಿ ಹುಸಿ ವಿವರಗಳಿಂದ ಬದಲಿಸುವಾಗ ಒಂದು ಎಚ್ಚರ ಅಗತ್ಯ. ಎಲ್ಲರ ಹೆಸರನ್ನೂ ಲ್ಯಾಟಿನ್‌ನ ಮೂರಕ್ಷರ ಮಾಡಿಬಿಟ್ಟರೆ ಗೋಪ್ಯತೆ ಉಳಿಯುತ್ತದೆ, ಪರೀಕ್ಷೆ ಸಾಯುತ್ತದೆ. ಒತ್ತಕ್ಷರ, ಅರ್ಕಾವತ್ತು, ಮುಂದಿನ ಇನಿಷಿಯಲ್, ಉದ್ದನೆಯ ಜೋಡಿಹೆಸರು ಇವೆಲ್ಲ ಇರುವ ಕಲ್ಪಿತ ಕನ್ನಡ ಹೆಸರುಗಳೇ ಬೇಕು.

ಇಷ್ಟೆಲ್ಲ ಸಿದ್ಧತೆಯ ಸಾರ್ಥಕತೆ ಕಾಣುವುದು ದೊಡ್ಡ ಬದಲಾವಣೆಗಳಲ್ಲಿ, ಮತ್ತು ಕನ್ನಡದ ಕಚೇರಿ ತಾಣಗಳಿಗೆ ಅಂಥ ದೊಡ್ಡ ಬದಲಾವಣೆಯೆಂದರೆ ಹಳೆಯ ನುಡಿ ಪಠ್ಯದ ಪರಿವರ್ತನೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಸುತ್ತೋಲೆಯ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇಂಥ ನೂರಾರು ಪುಟಗಳನ್ನು ಒಮ್ಮೆಗೇ ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಹೆಚ್ಚಿನ ಪದಗಳನ್ನು ಸರಿಯಾಗಿಯೇ ತಿರುಗಿಸುತ್ತದೆ, ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಬಳಿಕ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟ ತಪ್ಪಿದರೆ ಶಿಕ್ಷಕರು ಎಲ್ಲಕ್ಕಿಂತ ಹೆಚ್ಚು ಆಸ್ಥೆಯಿಂದ ಓದುವ ‘ವರ್ಗಾವಣೆ’ಯ ಸುತ್ತೋಲೆ ‘ವಗಾರ್ವಣೆ’ಯದಾಗುತ್ತದೆ. ಕನ್ನಡದ ನಡುವೆ ನಿಜವಾಗಿಯೇ ಇಂಗ್ಲಿಷಿನಲ್ಲಿದ್ದ ಪದಗಳು ಇನ್ನೊಂದು ಸಂಕಟ, ಏಕೆಂದರೆ ಅಕ್ಷರಶೈಲಿಯ ಮಾಹಿತಿ ಕಳೆದುಹೋಗಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥಹೀನ ಅಕ್ಷರಮಾಲೆಯಾಗಿ ತಿರುಗಿಸುತ್ತದೆ. ಸ್ಟೇಜಿಂಗ್ ಪ್ರತಿಯಲ್ಲಾದರೆ ಪರಿವರ್ತನೆ ಮಾಡಿ, ಓದಿ, ನಿಯಮ ತಿದ್ದಿ, ಹಳೆಯ ಡೇಟಾಬೇಸನ್ನು ಮತ್ತೆ ಹಾಕಿ ಇನ್ನೊಮ್ಮೆ ಮಾಡುವ ಸ್ವಾತಂತ್ರ್ಯವಿದೆ. ಓದುವ ಕೆಲಸವನ್ನು ನಾಲ್ಕೂ ತಾಲ್ಲೂಕುಗಳ ಕಚೇರಿಗಳಲ್ಲಿ ತಾಣವನ್ನು ನಿಜವಾಗಿ ಬಳಸುವವರಿಗೆ, ಅವರ ಸ್ವಂತ ಫೋನುಗಳಲ್ಲೇ ಮಾಡಲು ಒಪ್ಪಿಸಿದರೆ, ಕಟ್ಟಿದವರಿಗೆ ಹೊಳೆಯದ ಸಂಗತಿಗಳು ಹೊರಬೀಳುತ್ತವೆ. ಒಂದೇ ಊರನ್ನು ‘ಶಿರಾ’ ಎಂದು ಹುಡುಕುವವರೂ ‘ಸಿರಾ’ ಎಂದು ಹುಡುಕುವವರೂ ಇದ್ದಾರೆಂಬುದು, ಎರಡಕ್ಕೂ ಒಂದೇ ಫಲಿತಾಂಶ ಬರುವಂತೆ ತಾಣದ ಹುಡುಕು ಸೌಲಭ್ಯವನ್ನು ಹೊಂದಿಸಬೇಕೆಂಬುದು ಅಂಥದೊಂದು.

ಪರೀಕ್ಷೆ ಮುಗಿದ ಮೇಲೆ ಬದಲಾವಣೆಯನ್ನು ಲೈವ್ ತಾಣಕ್ಕೆ ಒಯ್ಯುವುದರಲ್ಲಿ ದಿಕ್ಕಿನ ಪ್ರಶ್ನೆಯಿದೆ. ಥೀಮ್, ಪ್ಲಗಿನ್, ಪರಿವರ್ತನೆಯ ನಿಯಮ ಇವು ಸ್ಟೇಜಿಂಗ್‌ನಿಂದ ಲೈವ್ ಕಡೆಗೆ ಹೋಗಬೇಕು. ಬರಹ ಮತ್ತು ಬಳಕೆದಾರರ ಮಾಹಿತಿ ಲೈವ್‌ನಿಂದ ಸ್ಟೇಜಿಂಗ್ ಕಡೆಗಷ್ಟೇ ಬರಬೇಕು. ನಕಲು ಮಾಡಿದ ದಿನದಿಂದ ಪರೀಕ್ಷೆ ಮುಗಿಯುವವರೆಗೆ ಲೈವ್ ತಾಣ ಸುಮ್ಮನಿರುವುದಿಲ್ಲ, ಪಾವಗಡದ ಶಾಲೆಯೊಂದು ನಮೂನೆ ತುಂಬಿರುತ್ತದೆ, ಹೊಸ ಸುತ್ತೋಲೆ ಏರಿರುತ್ತದೆ. ಸ್ಟೇಜಿಂಗ್‌ನ ಡೇಟಾಬೇಸನ್ನು ಇಡಿಯಾಗಿ ಲೈವ್ ಮೇಲೆ ಹೊದಿಸಿದರೆ ನಡುವೆ ಬಂದ ಅಷ್ಟೂ ಅಳಿದುಹೋಗುತ್ತದೆ. ಹೋಸ್ಟಿಂಗ್ ಕಂಪನಿಗಳ ಒಂದು ಗುಂಡಿಯ ಸೌಲಭ್ಯದಲ್ಲಿ ನಿಜವಾಗಿ ಹೆದರಬೇಕಾದದ್ದು, ಹೀಗೆ ನಕಲನ್ನು ಇಡಿಯಾಗಿ ಲೈವ್ ಮೇಲೆ ಹೊದಿಸುವ ಗುಂಡಿಗೇ.

ಸ್ಟೇಜಿಂಗ್ ಮತ್ತು ಲೈವ್‌ಗಳ ಸಂಬಂಧಕ್ಕೆ ಒಂದು ವಿಚಿತ್ರ ಸಾಕ್ಷ್ಯ ತಂತ್ರಾಂಶ ಸಂಸ್ಥೆ ಗಿಟ್‌ಲ್ಯಾಬ್ ತಾನೇ ಪ್ರಕಟಿಸಿದ ವರದಿಯಲ್ಲಿ ಸಿಗುತ್ತದೆ. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರು ಎರಡನೆಯ ಸರ್ವರ್‌ನಲ್ಲಿ ಅಳಿಸಬೇಕಾಗಿದ್ದ ಡೇಟಾಬೇಸ್ ಕಡತಗಳನ್ನು ಮುಖ್ಯ ಸರ್ವರ್‌ನಲ್ಲೇ ಅಳಿಸಿಬಿಟ್ಟರು. ದಿನನಿತ್ಯದ ಬ್ಯಾಕಪ್, ತಂತ್ರಾಂಶದ ಆವೃತ್ತಿಗಳು ಹೊಂದದ ಕಾರಣ, ವಿಫಲವಾಗುತ್ತಲೇ ಇತ್ತು, ಆ ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಸ್ಟೇಜಿಂಗ್ ಪ್ರತಿಗೆ ತುಂಬಲೆಂದು ಸುಮಾರು 6 ಗಂಟೆ ಮೊದಲು ತೆಗೆದಿದ್ದ ನಕಲು. ಆ 6 ಗಂಟೆಗಳಲ್ಲಿ ಸೇರಿದ ಸುಮಾರು 5,000 ಯೋಜನೆಗಳು ಮತ್ತು 700 ಹೊಸ ಖಾತೆಗಳ ಮಾಹಿತಿ ಹೋಯಿತು, ಉಳಿದದ್ದು ಉಳಿಯಿತು. ಸ್ಟೇಜಿಂಗ್ ಪ್ರತಿ ಬ್ಯಾಕಪ್ ಆಗಿ ಒದಗಿದ್ದು ಅದೃಷ್ಟ, ಅದನ್ನು ಪದ್ಧತಿಯೆಂದು ತಿಳಿಯಬಾರದು. ವಿವರಗಳನ್ನು ಮರೆಮಾಚಿದ ಪ್ರತಿಯಿಂದ ಮೂಲವನ್ನು ಮರಳಿ ಕಟ್ಟಲಾಗದು. ಘಟನೆಯ ಬಳಿಕ ಕೈಗೊಂಡ ಕ್ರಮಗಳಲ್ಲಿ, ಯಾವ ಸರ್ವರ್‌ನಲ್ಲಿ ಕೆಲಸ ನಡೆಯುತ್ತಿದೆಯೆಂಬುದು ಆಜ್ಞೆ ಬರೆಯುವ ಸಾಲಿನಲ್ಲೇ ಎದ್ದು ಕಾಣುವಂತೆ ಮಾಡಿದ್ದೂ ಒಂದು. ಸಣ್ಣ ತಾಣಗಳಲ್ಲಿ ಇದರ ಸಮಾನರೂಪವಾಗಿ ಸ್ಟೇಜಿಂಗ್ ಪ್ರತಿಯ ನಿರ್ವಾಹಕ ಪುಟದ ಮೇಲ್ಪಟ್ಟಿಗೆ ಬೇರೆ ಬಣ್ಣ ಕೊಡುವ ಅಭ್ಯಾಸವಿದೆ.

ಸರ್ಕಾರಿ ತಾಣಗಳಿಗೆ ಸ್ಟೇಜಿಂಗ್ ಪ್ರತಿ ಅನುಕೂಲವಷ್ಟೇ ಅಲ್ಲದೆ ಕಾರ್ಯವಿಧಾನದ ಅಂಗವೂ ಹೌದು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಸರ್ವರ್‌ಗಳಿಗೆ ತಾಣವನ್ನು ಏರಿಸುವ ಮುನ್ನ ದೇಶದ ಗಣಕ ಭದ್ರತೆಯನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ ಮಾನ್ಯ ಮಾಡಿರುವ ಪರಿಶೋಧಕರಿಂದ ಭದ್ರತಾ ಪರಿಶೋಧನೆ ಆಗಬೇಕು. ಪರಿಶೋಧಕರು ಸಾಮಾನ್ಯವಾಗಿ ಪರೀಕ್ಷಾ ವಿಳಾಸದಲ್ಲಿರುವ ಪ್ರತಿಯನ್ನೇ ದಾಳಿಕೋರರಂತೆ ಜಾಲಾಡಿ, ದೋಷಗಳನ್ನು ತಿದ್ದಿದ ಮೇಲೆ ತಾಣ ಏರಿಸಲು ಯೋಗ್ಯವೆಂಬ ಪ್ರಮಾಣಪತ್ರ ಕೊಡುತ್ತಾರೆ. ಪ್ರಮಾಣಪತ್ರ ಪಡೆದ ಪ್ರತಿಯೂ ಕೊನೆಗೆ ಲೈವ್ ಆಗುವ ಪ್ರತಿಯೂ ಬೇರೆಯಾದರೆ ಆ ಪತ್ರಕ್ಕೆ ಬೆಲೆಯಿಲ್ಲ.

ಕೆಲಸ ಮುಗಿದ ಪ್ರತಿಯನ್ನು ಹಾಗೆಯೇ ಬಿಡುವುದು ಸರ್ವೇಸಾಮಾನ್ಯವಾದರೂ, ಯಾರೂ ನವೀಕರಿಸದ ಹಳೆಯ ಪ್ಲಗಿನ್‌ಗಳನ್ನು ಹೊತ್ತು ಲೈವ್ ತಾಣದ ಪಕ್ಕದಲ್ಲೇ ಅದೇ ಸರ್ವರ್‌ನಲ್ಲಿ ನಿಂತಿರುವ ಅದು ದಾಳಿಕೋರರಿಗೆ ಸುಲಭದ ಬಾಗಿಲು. ಮುಂದಿನ ಬದಲಾವಣೆ ದೂರವಿದ್ದರೆ ಕಡತ ಮತ್ತು ಡೇಟಾಬೇಸ್‌ಗಳನ್ನು ಅಳಿಸಿ, ಬೇಕಾದಾಗ ಹೊಸ ನಕಲು ಮಾಡಿಕೊಳ್ಳುವುದೇ ಸರಿ. ಅಳಿಸುವಾಗ ಉಪಡೊಮೇನ್‌ನ ಡಿಎನ್‌ಎಸ್ ದಾಖಲೆಯನ್ನೂ, ಅಂದರೆ ಆ ಹೆಸರನ್ನು ಕೇಳಿದವರನ್ನು ಇಂಥ ಸರ್ವರ್‌ಗೆ ಕಳುಹಿಸಬೇಕೆಂದು ಹೇಳುವ ನಮೂದನ್ನೂ, ತೆಗೆಯಬೇಕು. ಅದು ಉಳಿದುಬಿಟ್ಟು, ಬಾಡಿಗೆಯ ಆ ಸರ್ವರ್ ಮುಂದೆ ಬೇರೆಯವರ ಪಾಲಾದರೆ, ಅವರು ತಮ್ಮ ಯಾವುದೇ ಪುಟವನ್ನು ಶಿಕ್ಷಣ ಕಚೇರಿಯ ಹೆಸರಿನಲ್ಲೇ ತೋರಿಸಬಲ್ಲರು.